ಷೇರು ಇದೆ ಅಂತ ಗ್ರಾಚ್ಯುಟಿ ಬಿಡಬೇಕಾಗಿಲ್ಲ

ಶಿರಸಿಯಲ್ಲಿ ನನ್ನದು ಲೆಕ್ಕಪತ್ರದ ಕೆಲಸ. ಸುತ್ತಮುತ್ತಲಿನ ಸಣ್ಣ ಕಂಪನಿ, ಅಂಗಡಿ, ಅಡಿಕೆ ವಖಾರಿಗಳ ಸಂಬಳಪಟ್ಟಿ, ಪಿಎಫ್, ಇಎಸ್‌ಐ ಎಲ್ಲ ನಮ್ಮ ಆಫೀಸಿನಿಂದಲೇ ಹೋಗುತ್ತದೆ. ಈಚೆಗೆ ಒಂದು ಪ್ರಶ್ನೆ ಜಾಸ್ತಿ ಬರುತ್ತಿದೆ. ಕಂಪನಿ ನನಗೆ ಷೇರು ಕೊಟ್ಟಿದೆ, ಈಗ ನಾನು ಮಾಲೀಕನೋ, ಕೆಲಸದವನೋ? ಇದು ಸರಿಯಾಗಿ ಗೊತ್ತಿಲ್ಲದೆ ದುಡಿದ ದುಡ್ಡನ್ನೇ ಬಿಟ್ಟು ಬರುವವರಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಘಟ್ಟದ ಕೆಳಗೆ ಮುರುಗಲು ಸಿಪ್ಪೆ, ಮಸಾಲೆ ಒಣಗಿಸಿ ಪ್ಯಾಕ್ ಮಾಡುವ ಒಂದು ಪ್ರೈವೇಟ್ ಕಂಪನಿ. ಹೆಸರು ಬೇಡ. ಅಲ್ಲಿ ಡ್ರೈಯರ್ ನೋಡಿಕೊಳ್ಳುತ್ತಿದ್ದವರೊಬ್ಬರು ಒಂಬತ್ತು ವರ್ಷ ದುಡಿದು ಕೆಲಸ ಬಿಟ್ಟರು. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರು ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ಕೇಳಿದ್ದಕ್ಕೆ ಬಂದ ಉತ್ತರ: "ನೀವು ಷೇರ್‌ಹೋಲ್ಡರ್ ಅಲ್ವಾ? ಮಾಲೀಕರಿಗೆ ಎಂಥ ಗ್ರಾಚ್ಯುಟಿ?"

ಅವರು ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನು ತಂದು ನನ್ನ ಮೇಜಿನ ಮೇಲೆ ಹರಡಿದರು. ಷೇರು ಸರ್ಟಿಫಿಕೇಟ್ ಇತ್ತು. ಫೋಲಿಯೋ ನಂಬರು, ಎಷ್ಟನೇ ನಂಬರಿನಿಂದ ಎಷ್ಟನೇ ನಂಬರಿನವರೆಗಿನ ಷೇರು, ಮುಖಬೆಲೆ 10 ರೂಪಾಯಿ, ಕೆಳಗೆ ಡೈರೆಕ್ಟರುಗಳ ಸಹಿ. ಒಟ್ಟು 500 ಷೇರು. ಕಂಪನಿಯದ್ದು ಇರುವುದೇ ಒಂದು ಲಕ್ಷ ಷೇರು, ಅಂದರೆ ಇವರ ಪಾಲು ನೂರಕ್ಕೆ ಅರ್ಧ (0.5%). "ತಮಾ, ನಾನು ನೌಕರ ಅಲ್ಲ ಅಂತ ಇದರಲ್ಲಿ ಎಲ್ಲಿ ಬರೆದಿದೆ, ತೋರಿಸು" ಅಂದರು. ಎಲ್ಲೂ ಬರೆದಿರಲಿಲ್ಲ. ಅದರ ಕೆಳಗಿದ್ದ ಸಂಬಳ ಚೀಟಿಗಳಲ್ಲಿ ಮಾತ್ರ ಪ್ರತಿ ತಿಂಗಳೂ ಪಿಎಫ್ ಕಡಿತ ಇತ್ತು. ಇವರು ನಮ್ಮ ನೌಕರ ಅಂತ ಕಂಪನಿಯೇ ತಿಂಗಳು ತಿಂಗಳು ಸರ್ಕಾರಕ್ಕೆ ಬರೆದುಕೊಟ್ಟಿದೆ. "ಅಣ್ಣಾ, ಇದಕ್ಕಿಂತ ಸಾಕ್ಷಿ ಬೇಡ" ಅಂದೆ.

ನಮ್ಮ ಕಡೆ ಈ ಗೊಂದಲ ಯಾಕೆ ಬರುತ್ತದೆ ಅಂದರೆ, ಷೇರು ಅಂದ ಕೂಡಲೇ ನಮಗೆ ನೆನಪಾಗುವುದು ಸೊಸೈಟಿ. ಅಲ್ಲಿ ಒಬ್ಬರಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. ಕಂಪನಿಯಲ್ಲಿ ಹಾಗಲ್ಲ, ಷೇರಿದ್ದಷ್ಟು ಮತ. ನೂರಕ್ಕೆ ಅರ್ಧ ಪಾಲು ಇಟ್ಟುಕೊಂಡು ಮಾಲೀಕ ಅನ್ನಿಸಿಕೊಂಡವರಿಗೆ ಒಂದು ಬಲ್ಬು ಬದಲಾಯಿಸುವ ಅಧಿಕಾರವೂ ಇರುವುದಿಲ್ಲ.

ಕಾನೂನಿನ ಕಣ್ಣಲ್ಲಿ ಕಂಪನಿಯೇ ಒಬ್ಬ ಬೇರೆ ವ್ಯಕ್ತಿ, ಷೇರು ಯಾರದ್ದೇ ಇರಲಿ. ನ್ಯೂಜಿಲೆಂಡಿನ ಒಂದು ಕೇಸು ನನಗೆ ಬಹಳ ಇಷ್ಟ. ಲೀ ಅನ್ನುವ ಪೈಲಟ್ ತನ್ನದೇ ಕಂಪನಿ ಕಟ್ಟಿದ್ದ. 3,000 ಷೇರಿನಲ್ಲಿ 2,999 ಅವನದ್ದೇ, ಡೈರೆಕ್ಟರೂ ಅವನೇ, ವಿಮಾನ ಹಾರಿಸುವ ನೌಕರನೂ ಅವನೇ. 1956ರಲ್ಲಿ ಕೆಲಸದ ಮೇಲಿದ್ದಾಗ ವಿಮಾನ ಬಿದ್ದು ಸತ್ತ. ಹೆಂಡತಿ ಕಾರ್ಮಿಕರ ಪರಿಹಾರ ಕೇಳಿದಳು. ಅಲ್ಲಿನ ಕೋರ್ಟು ಇಲ್ಲ ಅಂದಿತು. ಆದರೆ ಆಗ ನ್ಯೂಜಿಲೆಂಡಿನ ಕೇಸುಗಳಿಗೂ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಲೀ ಬೇರೆ, ಕಂಪನಿ ಬೇರೆ, ಲೀ ಆ ಕಂಪನಿಯ ನೌಕರನೇ ಹೌದು ಅಂತ ತೀರ್ಪು ಕೊಟ್ಟಿತು. 2,999 ಷೇರು ಇದ್ದವನೇ ನೌಕರ ಆಗಬಹುದಾದರೆ ನಮ್ಮ ಡ್ರೈಯರಿನವರ ಮಾತೇನು?

ಅವರು ಬಿಟ್ಟಾಗ 1972ರ ಗ್ರಾಚ್ಯುಟಿ ಕಾಯ್ದೆ ನಡೆಯುತ್ತಿತ್ತು. ಸಂಬಳಕ್ಕೆ ದುಡಿಯುವವನು ನೌಕರ, ಷೇರಿನ ಮಾತೇ ಇಲ್ಲ. ಒಪ್ಪಂದದಲ್ಲಿ ಏನೇ ಬರೆದುಕೊಂಡರೂ ಕಾಯ್ದೆಯೇ ಮೇಲು. ಕೊನೆಯ ಬೇಸಿಕ್ ಮತ್ತು ಡಿಎ ಸೇರಿ 20,800. ತಿಂಗಳಿಗೆ 26 ಕೆಲಸದ ದಿನ, ವರ್ಷಕ್ಕೆ 15 ದಿನದ ಸಂಬಳ ಅನ್ನುವ ಲೆಕ್ಕದಲ್ಲಿ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 12,000, ಒಂಬತ್ತು ವರ್ಷಕ್ಕೆ 1,08,000 ರೂಪಾಯಿ. ಅರ್ಜಿ ನಮೂನೆ ತುಂಬಿ, ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗುತ್ತೇವೆ ಅಂತ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಹಣ ಬಂತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಆದರೆ ಷೇರು ತಗೊಂಡವನಿಗೆ ಗ್ರಾಚ್ಯುಟಿ ಇಲ್ಲ ಅನ್ನುವ ಮಾತು ಅವುಗಳಲ್ಲೂ ಇಲ್ಲ.

ಹಕ್ಕು ಬಿಟ್ಟುಕೊಟ್ಟು ಷೇರು ತಗೊಳ್ಳುವ ಪದ್ಧತಿ ಇಂಗ್ಲೆಂಡಿನಲ್ಲಿ ನಿಜಕ್ಕೂ ಬಂದಿತ್ತು. 2013ರ ಸೆಪ್ಟೆಂಬರಿನಿಂದ, ಕನಿಷ್ಠ 2,000 ಪೌಂಡಿನ ಷೇರು ಪಡೆದವರು ಅನ್ಯಾಯವಾಗಿ ತೆಗೆದುಹಾಕಿದರೆ ಕೇಸು ಹಾಕುವ ಹಕ್ಕಿನ ಬಹುಭಾಗ ಮತ್ತು ಕೆಲಸ ಕಡಿತದ ಪರಿಹಾರವನ್ನು ಬಿಡಬೇಕಿತ್ತು. ಅಲ್ಲೂ ಸುಮ್ನೆ ಸಹಿ ಹಾಕಿಸುವಂತಿರಲಿಲ್ಲ. ಕಂಪನಿಯೇ ಖರ್ಚು ಕೊಟ್ಟು ನೌಕರನಿಗೆ ಬೇರೆ ವಕೀಲರ ಸಲಹೆ ಕೊಡಿಸಬೇಕಿತ್ತು, ಆಮೇಲೆ ಏಳು ದಿನ ಕಾಯಬೇಕಿತ್ತು. 2016ರ ಡಿಸೆಂಬರ್ 1ರಿಂದ ಹೊಸ ಒಪ್ಪಂದಗಳಿಗೆ ಅದರ ತೆರಿಗೆ ಲಾಭವನ್ನೂ ತೆಗೆದರು. ನಮ್ಮಲ್ಲಿ ಇಂಥ ಕಾನೂನು ಬಂದೇ ಇಲ್ಲ. ಹಾಗಾಗಿ ಯಾರಾದರೂ ಷೇರಿನ ಜೊತೆ ಹಕ್ಕು ಬಿಡುವ ಪತ್ರ ಮುಂದಿಟ್ಟರೆ ಸಹಿ ಹಾಕಬೇಡಿ. ಈ ತಿಂಗಳ ಸಂಬಳದ ಬದಲು ಷೇರು ಅಂದರೂ ಒಪ್ಪಬೇಡಿ. ಸಂಬಳ ನಗದು, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಬರಬೇಕು.

ವಖಾರಿಗಳಲ್ಲಿ ದುಡಿಯುವವರು ಒಂದು ವಿಷಯ ಗಮನಿಸಿ. ಇಲ್ಲಿ ಹೆಚ್ಚಿನವು ಪಾಲುದಾರಿಕೆ ಸಂಸ್ಥೆಗಳು. ಹಳೇ ಗುಮಾಸ್ತರನ್ನು ಪ್ರೀತಿಯಿಂದಲೇ "ಇನ್ನು ನೀವೂ ಪಾರ್ಟ್ನರ್" ಅಂತ ಡೀಡಿಗೆ ಸೇರಿಸುವುದುಂಟು. ಕಂಪನಿ ಷೇರಿಗೂ ಇದಕ್ಕೂ ಅಜಗಜಾಂತರ. ಪಾಲುದಾರ ನೌಕರನಲ್ಲ ಅಂತ 1984ರಲ್ಲಿ ರಾಮಾನುಜ ಮ್ಯಾಚ್ ಇಂಡಸ್ಟ್ರೀಸ್ ಎಂಬ ಇಎಸ್‌ಐ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಲಿಂದ ಸಂಸ್ಥೆಯ ಸಾಲವೂ ತಲೆ ಮೇಲೆ ಬರುತ್ತದೆ. ಷೇರುದಾರನಿಗೆ ಹೋದರೆ ಹಾಕಿದ ದುಡ್ಡು ಹೋಗುತ್ತದೆ, ಪಾಲುದಾರನಿಗೆ ತೋಟವೂ ಹೋಗಬಹುದು.

ಕಂಪನಿ ಮುಳುಗಿದರೆ? 2016ರ ದಿವಾಳಿ ಸಂಹಿತೆಯ 53ನೇ ಕಲಮಿನಲ್ಲಿ ಸರದಿ ಇದೆ. ದಿವಾಳಿ ಪ್ರಕ್ರಿಯೆಯ ಖರ್ಚು ಮೊದಲು. ಅದರ ನಂತರ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ, ಅಡಮಾನದ ಹಕ್ಕು ಬಿಟ್ಟುಕೊಟ್ಟ ಬ್ಯಾಂಕಿನ ಸಾಲಕ್ಕೆ ಸರಿಸಮವಾಗಿ. ಈಕ್ವಿಟಿ, ಅಂದರೆ ಸಾಮಾನ್ಯ ಷೇರು ಇದ್ದವರು ಕಟ್ಟಕಡೆಗೆ. ಒಬ್ಬನೇ ಮನುಷ್ಯ, ದುಡಿದವನಾಗಿ ಮುಂದೆ ನಿಲ್ಲುತ್ತಾನೆ, ಷೇರು ಇದ್ದವನಾಗಿ ಹಿಂದೆ. ಇದೇ ಕಾರಣಕ್ಕೆ ನೇಮಕಾತಿ ಪತ್ರ, ಸಂಬಳ ಚೀಟಿ, ಪಿಎಫ್ ಪಾಸ್‌ಬುಕ್ ಇವನ್ನು ಷೇರು ಸರ್ಟಿಫಿಕೇಟಿಗಿಂತ ಜೋಪಾನ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಡ್ರೈಯರಿನವರ 500 ಷೇರು ಇನ್ನೂ ಅವರ ಹೆಸರಲ್ಲೇ ಇದೆ, ಮಾರಲು ಕಷ್ಟ. ಪ್ರೈವೇಟ್ ಕಂಪನಿಯ ಷೇರನ್ನು ಬೇಕಾದವರಿಗೆ ಮಾರುವಂತಿಲ್ಲ. ಕೆಲಸ ಬಿಟ್ಟವರು ಯಾರಿಗೆ, ಯಾವ ಬೆಲೆಗೆ ವಾಪಸ್ ಕೊಡಬೇಕು ಅನ್ನುವುದು ಹೆಚ್ಚಾಗಿ ಕಂಪನಿಯ ಒಳನಿಯಮಗಳ ಪುಸ್ತಕವಾದ ಆರ್ಟಿಕಲ್ಸ್‌ನಲ್ಲಿ ಇರುತ್ತದೆ. ಕೆಲವು ಕಡೆ ಬರೀ ಮುಖಬೆಲೆಗೆ ಅಂತ ಬರೆದಿರುವುದನ್ನು ನೋಡಿದ್ದೇನೆ. ಷೇರು ತಗೊಳ್ಳುವ ಮೊದಲೇ ಅದನ್ನು ಓದಬೇಕು. ಈಗಾಗಲೇ ತಗೊಂಡಿದ್ದರೆ ಶುಲ್ಕ ಕಟ್ಟಿ ಪ್ರತಿ ಕೇಳಿ, ಏಳು ದಿನದೊಳಗೆ ಕಂಪನಿ ಕೊಡಲೇಬೇಕು.