ಓಟು ಎಣಿಸುವ ರೀತಿ ಮತ್ತು ಸಿಸಿ ರಸ್ತೆ ಪಟ್ಟಿ

ನಾನು ಚಿಕ್ಕೋಡಿ ಕಡೆ ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ವಿಧಾನಸಭೆ ಫಲಿತಾಂಶ ಬಂದ ಮೇಲೆ ಬೂತ್‌ವಾರು ಲೆಕ್ಕ ಊರ ಮುಖಂಡರ ಮೊಬೈಲ್‌ಗೆ ಬಂದುಬಿಡುತ್ತದೆ. ಆಮೇಲೆ ಸಿಸಿ ರಸ್ತೆ ಪಟ್ಟಿ ಮಾಡಲು ಕೂತರೆ ಮೊದಲ ಮಾತೇ, "ಸಾಹೇಬ್ರ, ಆ ಓಣಿ ನಮಗ ಹಾಕಿಲ್ಲ, ಸದ್ಯಕ್ಕ ಬಿಡ್ರಿ."

ಓಟಿನ ಪೇಪರ್ ಇದ್ದಾಗ ಹಲವು ಬೂತ್‌ಗಳ ಮತ ಬೆರೆಸಿ ಎಣಿಸಲು ನಿಯಮದಲ್ಲೇ ಅವಕಾಶವಿತ್ತು. 2004ರಿಂದ ವಿಧಾನಸಭೆಗೆ ಪೂರ್ತಿ ಮಷೀನ್ ಬಂತು. ಒಂದೊಂದು ಮಷೀನ್ ಒಂದೊಂದು ಬೂತಿನದು. ಎಣಿಸುವಾಗ ಅಭ್ಯರ್ಥಿಗಳ ಏಜೆಂಟರು ಎದುರಿಗೇ ಬರೆದುಕೊಳ್ಳುತ್ತಾರೆ, ಬೂತ್‌ವಾರು ಫಲಿತಾಂಶದ ಪಟ್ಟಿಯಾದ ಫಾರಂ 20ರಲ್ಲೂ ಎಲ್ಲ ಸಿಗುತ್ತದೆ. ಯಾವ ಮನೆ ಅಂತ ಗೊತ್ತಾಗಲ್ಲ, ಯಾವ ಓಣಿ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಉಪಕಾರ, ಸಿಟ್ಟು ಎರಡೂ ಓಣಿ ಲೆಕ್ಕದಲ್ಲೇ ನಡೆಯುತ್ತವೆ.

ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಚುನಾವಣೆ ಬಂದರೆ ಆಟವೇ ಬೇರೆ. ಬೆಳಗಾವಿಗೆ ಎರಡು ಸ್ಥಾನ. ಪಂಚಾಯಿತಿ ಸದಸ್ಯರೇ ಹೆಚ್ಚಿನ ಮತದಾರರು. 1, 2 ಅಂತ ಪ್ರಾಶಸ್ತ್ಯ ಬರೆಯಬೇಕು, ಮೂರರಲ್ಲಿ ಒಂದು ಪಾಲು ದಾಟಿದವರು ಗೆಲ್ಲುತ್ತಾರೆ. 2021ರ ಡಿಸೆಂಬರ್‌ನಲ್ಲಿ ಒಂದು ಸ್ಥಾನ ಕಾಂಗ್ರೆಸ್‌ಗೆ, ಇನ್ನೊಂದು ಪಕ್ಷೇತರರಿಗೆ ಹೋಯಿತು. ಹಾಲಿ ಸದಸ್ಯರಿದ್ದ ಬಿಜೆಪಿ ಸೋತಿತು. ಇಲ್ಲಿ ಓಣಿಗೆ ಬೆಲೆ ಇಲ್ಲ, ಸದಸ್ಯನಿಗೆ ಇದೆ. ಆ ದಿನಗಳಲ್ಲಿ ರಸ್ತೆ ಮಾತು ನಿಲ್ಲುತ್ತದೆ. ಸದಸ್ಯರ ಮನೆ ಕೆಲಸ, ಮಗನ ನೌಕರಿ, ತಮ್ಮನ ಗುತ್ತಿಗೆ, ಇವೇ ಮಾತು.

ಇದರಲ್ಲಿ ಪೇಪರ್ ಬೆರೆಸಿಯೇ ಎಣಿಸುತ್ತಾರೆ. ಹಾಗಾದರೆ ಯಾರು ಹಾಕಿದರು ಅಂತ ತಿಳಿಯಬಾರದು, ಅಲ್ವಾ? ಆದರೆ ಅಂಕಿಯನ್ನು 1 ಅಂತಲೂ ಬರೆಯಬಹುದು, ೧ ಅಂತಲೂ, ರೋಮನ್‌ನಲ್ಲೂ. ಗೆಲ್ಲದ ಅಭ್ಯರ್ಥಿಗಳಿಗೆ 3, 4, 5 ಯಾವ ಸಾಲಿನಲ್ಲಿ ಕೊಡಬೇಕು ಅಂತ ಒಬ್ಬೊಬ್ಬ ಸದಸ್ಯನಿಗೂ ಮೊದಲೇ ಹೇಳಿಟ್ಟರೆ ಅದೇ ಅವನ ಪೇಪರಿನ ಗುರುತು. ನೇರಳೆ ಸ್ಕೆಚ್ ಪೆನ್ ಎಲ್ಲರಿಗೂ ಒಂದೇ ಕೊಟ್ಟರೂ ಈ ಕಿಂಡಿ ಮುಚ್ಚಲ್ಲ.

ಕೆಲಸದಲ್ಲಿ ಕಲಿತದ್ದು ಇಷ್ಟು: ರಸ್ತೆ ಪಟ್ಟಿಯನ್ನು ನನ್ನ ಟೇಬಲ್ ಮೇಲೆ ಇಟ್ಟುಕೊಂಡು ಚೌಕಾಸಿ ಮಾಡಲ್ಲ. ವಾರ್ಡ್ ಸಭೆ, ಗ್ರಾಮಸಭೆಯಲ್ಲೇ ಓದಿಸಿ ಠರಾವು ಬರೆಸುತ್ತೇನೆ. "ಆ ಓಣಿ ಬಿಡ್ರಿ" ಅನ್ನೋರಿಗೆ, "ಸಭಾದಾಗ ಎದ್ದು ಹೇಳ್ರಿ, ಬರ್ಕೋತೀನಿ" ಅಂದರೆ ಮುಕ್ಕಾಲು ಪಾಲು ಜನ ಸುಮ್ನಾಗುತ್ತಾರೆ. ಉಳಿದವರು ಮೇಲಿನವರಿಂದ ಫೋನ್ ಮಾಡಿಸುತ್ತಾರೆ, ಅದು ಬೇರೆ ಕಥೆ.

ಮಷೀನ್ ಬೇಡ, ಪೇಪರ್ ಬೇಕು ಅನ್ನೋ ವಾದ ಈಗ ಜಾಸ್ತಿ. ಹಲವು ಮಷೀನ್‌ಗಳ ಮತ ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗವೂ 2015ರಲ್ಲಿ ಹೌದು ಅಂದಿತ್ತು. ಕೇಂದ್ರ ಒಪ್ಪಲಿಲ್ಲ. ನಮ್ಮೂರ ಮುಖಂಡರಿಗಂತೂ ಅದರಿಂದ ಬೇಜಾರೇನೂ ಆಗಿರಲಿಕ್ಕಿಲ್ಲ.