ಕಿಡ್ನಿಗೂ ರಕ್ತಕ್ಕೂ ಏನು ಸಂಬಂಧ?

ಜುಲೈ 16, 2024, ಮಂಗಳವಾರ

ಫಸ್ಟ್ ಇಯರ್ ನರ್ಸಿಂಗ್ ಹುಡುಗಿಯರಿಗೆ ಇವತ್ತು ಕಿಡ್ನಿ ಪಾಠ. ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಘಟಕ ನೆಫ್ರಾನ್‌ನ ಚಿತ್ರ ಬರೆಯುತ್ತಿದ್ದಾಗ ಒಬ್ಬಳು ಎದ್ದು ನಿಂತಳು. "ಮ್ಯಾಮ್, ನಮ್ಮ ದೊಡ್ಡಪ್ಪನಿಗೆ ಡಯಾಲಿಸಿಸ್ ನಡೀತಿದೆ. ಅವ್ರಿಗೆ ಯಾವಾಗ್ಲೂ ರಕ್ತ ಕಡಿಮೆ ಅಂತಾರಲ್ಲ, ಯಾಕೆ?"

ಒಳ್ಳೆಯ ಪ್ರಶ್ನೆ ಅಲ್ವಾ? ಉಳಿದ ಪಾಠ ಬಿಟ್ಟು ಅದನ್ನೇ ಹಿಡಿದುಕೊಂಡೆ.

ಬೆಳೆದ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ. ಒಳಗೆಲ್ಲ ಆಕ್ಸಿಜನ್ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಸವೆದದ್ದನ್ನು ಹೊಸದಾಗಿ ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಸುಮಾರು 120 ದಿನ ಓಡಾಡುತ್ತದೆ, ಅಷ್ಟೇ. ಆ ಜಾಗ ತುಂಬಲು ಮೂಳೆಯ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಮಾಡುತ್ತಲೇ ಇರಬೇಕು. ಎಷ್ಟು ಬೇಕು ಎಂದು ಮಜ್ಜೆಗೆ ತಿಳಿಸುವುದು ಯಾರು? ಕಿಡ್ನಿ!

ಹೃದಯ ತಳ್ಳುವ ರಕ್ತದಲ್ಲಿ ಐದನೇ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ಅಲ್ಲಿನ ಕೆಲವು ಜೀವಕೋಶಗಳು ಆಕ್ಸಿಜನ್ ಎಷ್ಟಿದೆ ಎಂದು ಗಮನಿಸುತ್ತಿರುತ್ತವೆ. ಅವು ಎಚ್‌ಐಎಫ್ ಎಂಬ ಪ್ರೋಟೀನನ್ನು ಸದಾ ಮಾಡುತ್ತವೆ, ಆಕ್ಸಿಜನ್ ಸಾಕಷ್ಟಿದ್ದರೆ ತಕ್ಷಣ ಒಡೆದೂ ಹಾಕುತ್ತವೆ. ಆಕ್ಸಿಜನ್ ಕಡಿಮೆಯಾದರೆ ಅದು ಉಳಿಯುತ್ತದೆ. ಉಳಿದದ್ದೇ ಎರಿಥ್ರೋಪೊಯೆಟಿನ್ ಹಾರ್ಮೋನ್ ತಯಾರಿ ಜಾಸ್ತಿಯಾಗುತ್ತದೆ. ಅದು ರಕ್ತದಲ್ಲಿ ಮಜ್ಜೆಗೆ ಹೋಗಿ, ಸಾಯಬೇಕಿದ್ದ ಎಳೆಯ ಕಣಗಳನ್ನು ಉಳಿಸಿ ಬೆಳೆಸುತ್ತದೆ. ಜೀವಕೋಶ ಹೀಗೆ ಆಕ್ಸಿಜನ್ ಅಳೆಯುವುದನ್ನು ಬಿಡಿಸಿ ತೋರಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ನನಗಂತೂ ಇಡೀ ಫಿಸಿಯಾಲಜಿಯಲ್ಲಿ ಇಷ್ಟು ಇಷ್ಟವಾದ ಭಾಗ ಇನ್ನೊಂದಿಲ್ಲ.

ಸಿಲೆಬಸ್‌ನಲ್ಲಿ ಜೀವಕೋಶ ಒಂದು ಯೂನಿಟ್, ರಕ್ತ ಇನ್ನೊಂದು, ಮೂತ್ರಾಂಗ ಮತ್ತೊಂದು. ಈ ಪ್ರಶ್ನೆ ಮೂರನ್ನೂ ಒಟ್ಟಿಗೆ ಎಳೆದು ತಂದಿತು. ಪಾಠವನ್ನೇ ಹೀಗೆ ಮಾಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಿಡ್ನಿ ಹಾಳಾದರೆ ಈ ಹಾರ್ಮೋನ್ ಸಾಕಷ್ಟು ಬರುವುದಿಲ್ಲ. ಡಯಾಲಿಸಿಸ್ ಮೆಷಿನ್ ರಕ್ತ ಸೋಸುತ್ತದೆ, ಹಾರ್ಮೋನ್ ಮಾಡುವುದಿಲ್ಲ. ಹಾಗಾಗಿ ಅದನ್ನು ಇಂಜೆಕ್ಷನ್ ಆಗಿ ಕೊಡುತ್ತಾರೆ. ಆಗ ಮೈಯಲ್ಲಿ ಕಬ್ಬಿಣದ ಅಂಶವೂ ಇರಬೇಕು, ಇಲ್ಲದಿದ್ದರೆ ಹಿಮೋಗ್ಲೋಬಿನ್ ಆಗುವುದು ಯಾವುದರಿಂದ? ಇಂಜೆಕ್ಷನ್ ಜೊತೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಟೆಸ್ಟ್ ಮಾಡಿಸುವುದು ಅದಕ್ಕೇ. ಹಿಮೋಗ್ಲೋಬಿನ್ ತೀರಾ ಏರಿಸುವುದೂ ಇಲ್ಲ, ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗುವ ಅಪಾಯವಿದೆ. ದೊಡ್ಡಪ್ಪನ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ ಎರಡನ್ನೂ ನೋಡಿಕೊಂಡು ಬಾ ಎಂದಿದ್ದೇನೆ.