ಕೊನೆಯ ಹತ್ತು ನಿಮಿಷದ ಜಕಾಲ್

ದಾವಣಗೆರೆಯಲ್ಲಿ ನಾವು ಓದುವಾಗ ಊಟ ಆದ ಮೇಲಿನ ಇಂಗ್ಲಿಷ್ ಪೀರಿಯಡ್ ಅಂದ್ರೆ ಹಿಂದಿನ ಬೆಂಚಿಗೆ ನಿದ್ದೆ. ಅದನ್ನು ಓಡಿಸಿದ್ದು ನಮ್ಮ ಮೇಷ್ಟ್ರು. ಪಾಠ ಬೇಗ ಮುಗಿಸಿ, ಕೊನೆಯ ಹತ್ತು ನಿಮಿಷ ಫ್ರೆಡರಿಕ್ ಫೋರ್ಸೈತ್ ಬರೆದ 'ದಿ ಡೇ ಆಫ್ ದಿ ಜಕಾಲ್' ಕಥೆಯನ್ನು ಕಂತು ಕಂತಾಗಿ, ಕನ್ನಡದಲ್ಲೇ ಹೇಳುತ್ತಿದ್ದರು. ಫ್ರಾನ್ಸ್ ಅಧ್ಯಕ್ಷ ಡಿಗಾಲ್ ಅವರನ್ನು ಕೊಲ್ಲಲು ಹೊರಟ, 'ಜಕಾಲ್' ಅನ್ನೋ ಗುಪ್ತನಾಮದ ಬಾಡಿಗೆ ಹಂತಕನ ಕಾದಂಬರಿ ಅದು.

ಮೊದಲ ದಿನವೇ ಕೊನೆ ಬಿಟ್ಟುಕೊಟ್ಟರು. "ಡಿಗಾಲ್ ಸಾಯಲ್ಲ ಕಣ್ರೋ. 1970ರಲ್ಲಿ ಮನೆಯಲ್ಲೇ ತೀರಿಕೊಂಡರು. ಈಗ ಕೇಳಿ." ಕೊಲೆ ಆಗಲ್ಲ ಅಂದ್ಮೇಲೆ ಏನು ಕೇಳೋದು ಅಂತ ನಾವು ಗೊಣಗಿದೆವು. ಹಸ್ತಪ್ರತಿ ವಾಪಸ್ ಕಳಿಸಿದ ಪ್ರಕಾಶಕರದ್ದೂ ಇದೇ ತಕರಾರಂತೆ!

ಫೋರ್ಸೈತ್ ಮೊದಲು ಬ್ರಿಟಿಷ್ ವಾಯುಪಡೆಯ ಪೈಲಟ್. ಆಮೇಲೆ ರಾಯಿಟರ್ಸ್ ವರದಿಗಾರ. ಡಿಗಾಲ್ ಮೇಲೆ ಕೊಲೆಯತ್ನ ನಡೆಯುತ್ತಿದ್ದ ದಿನಗಳಲ್ಲಿ ಪ್ಯಾರಿಸ್‌ನಲ್ಲೇ ಇದ್ದರು. ನೈಜೀರಿಯಾದ ಬಿಯಾಫ್ರಾ ಯುದ್ಧ ವರದಿ ಮಾಡಿ ಊರಿಗೆ ಬಂದಾಗ ಕೈ ಖಾಲಿ. 1970ರ ಜನವರಿಯಲ್ಲಿ ಟೈಪ್‌ರೈಟರ್ ಮುಂದೆ ಕೂತರು, 35 ದಿನದಲ್ಲಿ ಕಾದಂಬರಿ ರೆಡಿ. 1971ರಲ್ಲಿ ಅಚ್ಚಾಯಿತು, 1973ರಲ್ಲಿ ಸಿನಿಮಾನೂ ಬಂತು.

ನಮಗೆ ಹುಚ್ಚು ಹಿಡಿಸಿದ್ದು ಪಾಸ್‌ಪೋರ್ಟ್ ಕಂತು. ಹಂತಕ ಸ್ಮಶಾನಕ್ಕೆ ಹೋಗಿ, ಬದುಕಿದ್ದರೆ ತನ್ನ ವಯಸ್ಸಿನವನೇ ಆಗಿರುತ್ತಿದ್ದ ಮಗುವಿನ ಗೋರಿ ಹುಡುಕುತ್ತಾನೆ. ಆ ಹೆಸರಲ್ಲಿ ಜನನ ಪತ್ರ ತೆಗೆಸಿ, ಅದರ ಮೇಲೆ ಪಾಸ್‌ಪೋರ್ಟ್ ಮಾಡಿಸುತ್ತಾನೆ. "ಸರ್, ನಮ್ಮಲ್ಲೂ ನಡೀತದಾ?" ಅಂತ ಒಬ್ಬ ಕೇಳಿದ. "ಇಲ್ಲಿ ಬದುಕಿರೋರಿಗೇ ಸರ್ಟಿಫಿಕೇಟ್ ಸಿಗಲ್ಲ, ಕೂತ್ಕೊಳೋ" ಅಂದರು.

ಎಷ್ಟೋ ವರ್ಷದ ಮೇಲೆ ಮೂಲ ಓದಿದೆ. ಹಂತಕನ ಬೆನ್ನು ಹತ್ತುವ ಪೊಲೀಸ್ ಅಧಿಕಾರಿ ಲೆಬೆಲ್ ಸಾಹೇಬರಿಗೆ ಹೆಂಡತಿಯ ಕಾಟ ಇರೋದು ನಿಜ. ಆದರೆ ಆಯಮ್ಮ "ನಿಮ್ಮ ಡ್ಯೂಟಿ ಸುಡ್ಲಿ, ಸಂತಿಗಿ ಯಾರು ಹೋಗೋರು?" ಅಂತ ಬೈಯೋದು ಮಾತ್ರ ಎಲ್ಲೂ ಸಿಗಲಿಲ್ಲ. ಅಷ್ಟೂ ಮೇಷ್ಟ್ರದ್ದು. ಅದಿಲ್ಲದೆ ಪುಸ್ತಕ ಸ್ವಲ್ಪ ಸಪ್ಪೆ ಅನ್ನಿಸಿತು. ಫೋರ್ಸೈತ್ ಕೈಯಲ್ಲಿ ಬಂದೂಕು, ಕಾಗದಪತ್ರ, ರೈಲಿನ ಟೈಮು ಎಲ್ಲ ಪಕ್ಕಾ. ಮನೆಮಂದಿ ಮಾತ್ರ ಸುಮ್ನೆ ಬಂದು ಹೋಗ್ತಾರೆ.

ಫೋರ್ಸೈತ್ ಬರೆದ ಇನ್ನೊಂದು ಕಾದಂಬರಿ 'ದಿ ಒಡೆಸ್ಸಾ ಫೈಲ್'ನ ಖಳ ರೋಶ್‌ಮನ್ ನಿಜವಾಗಿಯೂ ಇದ್ದ ನಾಜಿ ಅಧಿಕಾರಿ. ಮೇಷ್ಟ್ರು ಆ ಕಥೆಯನ್ನೂ ಶುರು ಮಾಡಿದ್ದರು. ಅಷ್ಟರಲ್ಲಿ ಪರೀಕ್ಷೆ ಬಂತು. 2025ರ ಜೂನ್‌ನಲ್ಲಿ ಫೋರ್ಸೈತ್ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಬ್ಯಾಚಿನ ಗ್ರೂಪಿನಲ್ಲಿ ಒಬ್ಬ ಕೇಳಿದ್ದು ಇಷ್ಟೇ: "ಆ ರೋಶ್‌ಮನ್ ಸಿಕ್ಕಿಬಿದ್ನೇನ್ರೋ ಕೊನಿಗೆ?"